ಬಿಸಿಲ ಸೀಮೆಯ ಸೋಲಾರ್ ತಂತಿ

ಕರೆಂಟು ಎಲ್ಲಿ ಹುಟ್ಟುತ್ತದೆ ಎಂದು ರಾಯಚೂರು ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿದು ವಿದ್ಯುತ್ತಾಗುತ್ತಿದೆ. ಅಲ್ಲಿಂದ ಮನೆಯ ಬಲ್ಬಿನವರೆಗೆ ಬರುವ ದಾರಿಯಲ್ಲಿ ಎಂಜಿನಿಯರರಿದ್ದಾರೆ, ಸಬ್‌ಸ್ಟೇಷನ್ ಇದೆ, ವಿದ್ಯುತ್ ವಿತರಣಾ ಕಂಪನಿ ಜೆಸ್ಕಾಂನ ಲೈನ್‌ಮನ್ ಇದ್ದಾನೆ, ಓಣಿಯ ತುದಿಗೆ ಟಿ.ಸಿ., ಅಂದರೆ ಟ್ರಾನ್ಸ್ಫಾರ್ಮರ್, ಇದೆ. ಯಾವ ತಂತಿ ಎಷ್ಟು ದಪ್ಪ ಇರಬೇಕು, ಎಲ್ಲಿ ಫ್ಯೂಸ್ ಕೂಡಬೇಕು ಎಂಬ ಲೆಕ್ಕವನ್ನು ನಮ್ಮ ಮೀಟರಿನವರೆಗೆ ಬೇರೆಯವರೇ ಹಾಕಿರುತ್ತಾರೆ. ಸೋಲಾರ್ ಬಂದಾಗ ಈ ಏರ್ಪಾಡು ಬದಲಾಗುತ್ತದೆ. ತುಂಗಭದ್ರೆಯ ದಂಡೆಯ ಮುಕ್ಕುಂದದಲ್ಲಾಗಲಿ, ಮಸ್ಕಿಯಲ್ಲಾಗಲಿ, ಲಿಂಗಸುಗೂರಿನ ಹೊಲದ ಬೋರಿನ ಬದಿಯಲ್ಲಾಗಲಿ, ಪ್ಯಾನಲ್ ಕೂಡಿಸಿದ ದಿನದಿಂದ ಆ ಜಾಗವೇ ಒಂದು ಸಣ್ಣ ವಿದ್ಯುತ್ ಸ್ಥಾವರ, ಆ ಮನೆಯವರೇ ಅದರ ಹೊಣೆಗಾರರು. 2019ರಲ್ಲಿ ಬಂದ ಕುಸುಮ್ ಯೋಜನೆ ಹೊಲಗಳಿಗೆ ಸೋಲಾರ್ ಪಂಪ್ ತಂದಿತು. 2024ರ ಫೆಬ್ರವರಿಯಲ್ಲಿ ಆರಂಭವಾದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿನ ಮಾಳಿಗೆ ಸೋಲಾರ್‌ಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಎಷ್ಟು ವ್ಯಾಟ್, ಎಷ್ಟು ಸಬ್ಸಿಡಿ, ಎಷ್ಟು ವರ್ಷದ ಗ್ಯಾರಂಟಿ ಎಂದು ಎಲ್ಲರೂ ಕೇಳುತ್ತಾರೆ. ತಂತಿ ಎಷ್ಟು ದಪ್ಪದ್ದು, ಬ್ರೇಕರ್ ಯಾವುದು ಎಂದು ಕೇಳುವವರು ವಿರಳ. ಇವತ್ತಿನ ನನ್ನ ಮಾತು ಆ ಎರಡು ಪ್ರಶ್ನೆಗಳದ್ದು. ಲೋಡ್ ಎಷ್ಟಿದೆ ಎಂದು ನೋಡಿ ತಂತಿ ಎಳೆಯುವ ಮನೆ ವೈರಿಂಗಿನ ರೂಢಿ ಸೋಲಾರ್‌ನಲ್ಲಿ ಸಾಲದು ಎಂಬುದು ನನ್ನ ವಾದ. ಇಲ್ಲಿ ತಂತಿಯನ್ನು ಅಳೆಯಬೇಕಾದದ್ದು ಅದಕ್ಕೆ ವಿದ್ಯುತ್ ಊಡುವ ಮೂಲವನ್ನು ನೋಡಿ, ಅದು ಮಲಗಿರುವ ಜಾಗದ ಕಾವನ್ನು ನೋಡಿ. ಬ್ರೇಕರನ್ನು ಅಳೆಯಬೇಕಾದದ್ದು ತಂತಿಯನ್ನು ನೋಡಿ.

ಮೊದಲು ಒಂದು ಸರಳ ಲೆಕ್ಕ. 240 ವ್ಯಾಟಿನ ಒಂದು ಯಂತ್ರ 230 ವೋಲ್ಟಿನ ಮನೆ ಕರೆಂಟಿನಲ್ಲಿ ಸುಮಾರು ಒಂದು ಆಂಪಿಯರ್ ಎಳೆಯುತ್ತದೆ. ಅಷ್ಟೇ ಶಕ್ತಿಯ ಯಂತ್ರವನ್ನು 12 ವೋಲ್ಟಿನ ಬ್ಯಾಟರಿಯಿಂದ ನಡೆಸಿದರೆ 20 ಆಂಪಿಯರ್ ಬೇಕು. ಕೆಲಸ ಅದೇ, ಆದರೆ ತಂತಿಯೊಳಗೆ ಹರಿಯುವ ಕರೆಂಟು ಇಪ್ಪತ್ತು ಪಟ್ಟು. ತಂತಿ ಬಿಸಿಯಾಗುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. ಅಂದರೆ ಕರೆಂಟು ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟು, ಇಪ್ಪತ್ತು ಪಟ್ಟಾದರೆ ನಾನೂರು ಪಟ್ಟು. ನಮ್ಮ ನಾಡಿನ ವಿದ್ಯುತ್ತಿನ ಆರಂಭದ ದಿನಗಳಲ್ಲಿಯೇ ಈ ಸತ್ಯ ಬಳಕೆಗೆ ಬಂದಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಒಯ್ದಾಗ, ಅದನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸಿಯೇ ಒಯ್ದರು. ವೋಲ್ಟ್ ಏರಿದರೆ ಆಂಪಿಯರ್ ಇಳಿಯುತ್ತದೆ, ತಂತಿ ತೆಳ್ಳಗಾದರೂ ನಡೆಯುತ್ತದೆ. ಸೋಲಾರ್ ಮನೆಯಲ್ಲಿ ಬ್ಯಾಟರಿಯ ಕಡೆಗೆ ಇದು ತಿರುವುಮುರುವು. ಅಲ್ಲಿ ವೋಲ್ಟ್ ಕಡಿಮೆ, ಆಂಪಿಯರ್ ಹೆಚ್ಚು. ಸಣ್ಣ ಬ್ಯಾಟರಿ, ಸಣ್ಣ ವೋಲ್ಟ್, ಏನೂ ಆಗುವುದಿಲ್ಲ ಎಂಬ ನಂಬಿಕೆ ಶಾಕ್ ಹೊಡೆಯುವ ಮಟ್ಟಿಗೆ ನಿಜವಾಗಬಹುದು. ಬೆಂಕಿಯ ಮಟ್ಟಿಗೆ ಅದು ಪೂರ್ತಿ ಸುಳ್ಳು.

ಅದೇ 20 ಆಂಪಿಯರನ್ನು ಬ್ಯಾಟರಿಯಿಂದ ಹತ್ತು ಮೀಟರ್ ದೂರಕ್ಕೆ 2.5 ಸ್ಕ್ವೇರ್, ಅಂದರೆ 2.5 ಚದರ ಮಿಲಿಮೀಟರ್ ದಪ್ಪದ, ತಾಮ್ರದ ತಂತಿಯಲ್ಲಿ ಒಯ್ಯುತ್ತೇವೆ ಅನ್ನಿ. ಹೋಗಿ ಬರುವ ತಂತಿ ಸೇರಿ ಇಪ್ಪತ್ತು ಮೀಟರ್. ಅದರ ರೋಧ 0.14 ಓಮ್. ದಾರಿಯಲ್ಲಿ ಕಳೆದುಹೋಗುವ ವೋಲ್ಟ್ 2.8. ಹನ್ನೆರಡು ವೋಲ್ಟಿನಲ್ಲಿ ಯಂತ್ರಕ್ಕೆ ಮುಟ್ಟುವುದು ಒಂಬತ್ತು ಚಿಲ್ಲರೆ. ಉಳಿದದ್ದು 56 ವ್ಯಾಟಿನ ಕಾವಾಗಿ ತಂತಿಯುದ್ದಕ್ಕೂ ಹಂಚಿಹೋಗುತ್ತದೆ. ಪ್ಯಾನಲ್ಲಿಗೆ ಹಣ ಸುರಿದು ಬಿಸಿಲಿನಿಂದ ಪಡೆದ ವಿದ್ಯುತ್ತಿನಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಗೋಡೆಯೊಳಗಿನ ಪೈಪನ್ನು ಬಿಸಿ ಮಾಡಲು ಹೋಯಿತು. ಹತ್ತು ಸ್ಕ್ವೇರ್ ತಂತಿ ಹಾಕಿದರೆ ನಷ್ಟ 0.7 ವೋಲ್ಟಿಗೆ ಇಳಿಯುತ್ತದೆ. ಇನ್ನೊಂದು ದಾರಿಯೂ ಉಂಟು. ಎರಡು ಬ್ಯಾಟರಿ ಸೀರೀಸ್‌ನಲ್ಲಿ ಜೋಡಿಸಿ 24 ವೋಲ್ಟಿನ ಏರ್ಪಾಡು ಮಾಡಿದರೆ ಅದೇ 2.5 ಸ್ಕ್ವೇರ್ ತಂತಿಯಲ್ಲಿ ಕಾವು 56 ವ್ಯಾಟಿನಿಂದ 14ಕ್ಕೆ ಬೀಳುತ್ತದೆ. ಹಾಗಾಗಿ ಎಲ್ಲಕ್ಕೂ ದಪ್ಪ ತಂತಿಯೇ ಮದ್ದು ಎಂದು ನಾನು ಹೇಳುತ್ತಿಲ್ಲ. ದೂರ ತಗ್ಗಿಸುವುದು, ವೋಲ್ಟ್ ಏರಿಸುವುದು, ಕೊನೆಗೆ ತಂತಿ ದಪ್ಪ ಮಾಡುವುದು, ಯೋಚನೆ ಈ ಕ್ರಮದಲ್ಲಿ ನಡೆಯಬೇಕು. ಸೂರ್ಯಘರ್ ಮಾದರಿಯ ಮನೆಯಲ್ಲಿ 550 ವ್ಯಾಟಿನ ಆರು ಪ್ಯಾನಲ್ ಸೀರೀಸ್‌ನಲ್ಲಿದ್ದರೆ ವೋಲ್ಟ್ ಸುಮಾರು 250, ಕರೆಂಟು 13 ಆಂಪಿಯರ್. ಅಲ್ಲಿ ಇಪ್ಪತ್ತು ಮೀಟರ್ ದೂರಕ್ಕೆ ನಾಲ್ಕು ಸ್ಕ್ವೇರ್ ತಂತಿ ಎಳೆದರೂ ನಷ್ಟ ನೂರಕ್ಕೆ ಒಂದಕ್ಕಿಂತ ಕಡಿಮೆ.

ಇಷ್ಟು ಲೆಕ್ಕ ಯಾವ ಊರಿಗಾದರೂ ಒಂದೇ. ನಮ್ಮ ಸೀಮೆಗೆ ಬೇರೆಯಾಗಿ ಬೇಕಾದ ಲೆಕ್ಕ ಬಿಸಿಲಿನದು. ತಂತಿಯ ಕಂಪನಿಗಳು ಕೊಡುವ ಪಟ್ಟಿಯಲ್ಲಿ ಇಂಥ ತಂತಿ ಇಷ್ಟು ಆಂಪಿಯರ್ ತಡೆಯುತ್ತದೆ ಎಂದಿರುತ್ತದೆ. ಆ ಅಂಕಿ ಸಾಮಾನ್ಯವಾಗಿ 30 ಅಥವಾ 40 ಡಿಗ್ರಿ ಗಾಳಿಯನ್ನು ಲೆಕ್ಕಕ್ಕೆ ಹಿಡಿದದ್ದು. ಸಿಂಧನೂರಿನ ಬೇಸಿಗೆಯಲ್ಲಿ ನೆರಳಿನ ಗಾಳಿಯೇ 40 ದಾಟುವುದು ವಾಡಿಕೆ. ಮಾಳಿಗೆಯ ಮೇಲೆ, ಪತ್ರಾಸಿನ ಮಗ್ಗುಲಿಗೆ, ಬಿಸಿಲಿಗೆ ಬಿದ್ದ ಪೈಪಿನೊಳಗೆ 60 ಡಿಗ್ರಿ ಹಿಡಿದರೂ ಅದು ಅತಿಶಯವಲ್ಲ. ಮನೆ ವೈರಿಂಗಿಗೆ ಬಳಸುವ ಪಿವಿಸಿ ಹೊದಿಕೆಯ ತಂತಿ 70 ಡಿಗ್ರಿಗಿಂತ ಮೇಲೆ ಬಿಸಿಯಾಗಬಾರದು. ಸುತ್ತಲಿನ ಗಾಳಿಯೇ 60 ಇದ್ದರೆ ಅದಕ್ಕೆ ಉಳಿಯುವ ಅವಕಾಶ ಹತ್ತು ಡಿಗ್ರಿ ಮಾತ್ರ. ಅಂತರರಾಷ್ಟ್ರೀಯ ಮಾನದಂಡದ ಪಟ್ಟಿಯ ಪ್ರಕಾರ, ಗೋಡೆಯ ಮೇಲೆ ಬಡಿದ 2.5 ಸ್ಕ್ವೇರ್ ಪಿವಿಸಿ ತಾಮ್ರದ ತಂತಿ 30 ಡಿಗ್ರಿಯಲ್ಲಿ 27 ಆಂಪಿಯರ್ ಒಯ್ಯಬಲ್ಲದು. 50 ಡಿಗ್ರಿಯಲ್ಲಿ ಅದರ ಶೇ. 71 ಮಾತ್ರ. 60 ಡಿಗ್ರಿಯಲ್ಲಿ ಸರಿಯಾಗಿ ಅರ್ಧ, ಅಂದರೆ 13.5 ಆಂಪಿಯರ್. ಈಗ ಮಾರುಕಟ್ಟೆಯಲ್ಲಿರುವ 550 ವ್ಯಾಟಿನ ಒಂದೇ ಒಂದು ಪ್ಯಾನಲ್ ಶಾರ್ಟ್ ಆದಾಗ ಕೊಡುವ ಕರೆಂಟು ಸುಮಾರು 14 ಆಂಪಿಯರ್. ನೆರಳಿನ ಕೋಣೆಯಲ್ಲಿ ಎರಡು ಪ್ಯಾನಲ್ಲಿನ ಕರೆಂಟು ಹೊರಬಲ್ಲಂತೆ ಕಾಣುವ ತಂತಿ ನಮ್ಮ ಮಾಳಿಗೆಯ ಮೇಲೆ ಒಂದು ಪ್ಯಾನಲ್ಲನ್ನೂ ಹೊರಲಾರದು. ಸೋಲಾರ್‌ಗೆಂದೇ ತಯಾರಾದ ತಂತಿಯ ವಿಚಾರ ಬೇರೆ. ಅದರ ಹೊದಿಕೆ ಬಿಸಿಲಿನ ಕಿರಣಕ್ಕೆ ಸೀಳುವುದಿಲ್ಲ. ಯುರೋಪಿನ ಮಾನದಂಡದಲ್ಲಿ ನಾಲ್ಕು ಸ್ಕ್ವೇರಿನ ಸೋಲಾರ್ ತಂತಿ, ಎರಡು ಒತ್ತಾಗಿ ಮಲಗಿದ್ದರೂ, 60 ಡಿಗ್ರಿ ಗಾಳಿಯಲ್ಲಿಯೇ 44 ಆಂಪಿಯರ್ ತಡೆಯುತ್ತದೆ. ಅದೇ ದಪ್ಪದ ಪಿವಿಸಿ ತಂತಿ ಆ ಕಾವಿನಲ್ಲಿ ತಡೆಯುವುದು 18. ನಮ್ಮ ದೇಶದಲ್ಲಿಯೂ 2020ರಿಂದ ಸೋಲಾರ್ ತಂತಿಗೆ ಐಎಸ್ 17293 ಎಂಬ ಪ್ರತ್ಯೇಕ ಮಾನದಂಡ ಇದೆ. ಆ ಅಂಕಿ ತಂತಿಯ ಮೈಮೇಲೆ ಅಚ್ಚಾಗಿದೆಯೇ ಎಂದು ಕಣ್ಣಿನಿಂದಲೇ ನೋಡಬಹುದು.

ಇನ್ನು ಬ್ರೇಕರ್. ಇದರ ಬಗ್ಗೆ ನಮ್ಮಲ್ಲಿ ಬೇರೂರಿದ ತಪ್ಪು ತಿಳಿವಳಿಕೆ ಎಂದರೆ ಅದು ಟಿ.ವಿ., ಫ್ರಿಜ್, ಮೋಟಾರುಗಳನ್ನು ಕಾಯುತ್ತದೆ ಎಂಬುದು. ಬ್ರೇಕರ್ ಮೊದಲು ಕಾಯುವುದು ತಂತಿಯನ್ನು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ರೈತರಿಗೆ ಇದನ್ನು ಹೇಳುವುದು ಸುಲಭ. ವಿತರಣಾ ಕಾಲುವೆಯ ತೂಬನ್ನು ಎಷ್ಟು ಎತ್ತಬೇಕು ಎಂಬುದು ಟೇಲೆಂಡಿನ ರೈತನ ಅವಸರದ ಮೇಲೆ ನಿಂತಿಲ್ಲ, ಕಾಲುವೆಯ ಏರಿ ಎಷ್ಟು ನೀರು ತಡೆದೀತು ಎಂಬುದರ ಮೇಲೆ ನಿಂತಿದೆ. ಅದನ್ನು ಮೀರಿ ಬಿಟ್ಟರೆ ಏರಿ ಒಡೆಯುತ್ತದೆ, ಕೊನೆಯವನಿಗೂ ನೀರಿಲ್ಲ. ತಂತಿಗೂ ಇದೇ ಕಟ್ಟಳೆ. ಯಂತ್ರ ಎಳೆಯುವ ಕರೆಂಟಿಗಿಂತ ಬ್ರೇಕರಿನ ಅಂಕಿ ದೊಡ್ಡದಿರಬೇಕು, ಬ್ರೇಕರಿನ ಅಂಕಿಗಿಂತ ತಂತಿಯ ತಾಳಿಕೆ ದೊಡ್ಡದಿರಬೇಕು. ಪವರ್ ಕಟ್‌ಗೆಂದು ಮನೆಮನೆಯಲ್ಲಿರುವ 12 ವೋಲ್ಟಿನ ಇನ್ವರ್ಟರನ್ನೇ ತೆಗೆದುಕೊಳ್ಳಿ. 800 ವ್ಯಾಟ್ ಹೊರಗೆ ಕೊಡುವಾಗ ಅದು ಬ್ಯಾಟರಿಯಿಂದ ಸುಮಾರು 80 ಆಂಪಿಯರ್ ಎಳೆಯುತ್ತದೆ. ಅದಕ್ಕೆ 100 ಆಂಪಿಯರಿನ ಫ್ಯೂಸ್. 35 ಸ್ಕ್ವೇರಿನ ತಾಮ್ರದ ಕೇಬಲ್ 30 ಡಿಗ್ರಿಯಲ್ಲಿ 138, ನಮ್ಮ 45 ಡಿಗ್ರಿಯ ಕೋಣೆಯಲ್ಲಿ ಸುಮಾರು 109 ಆಂಪಿಯರ್ ತಡೆಯುತ್ತದೆ. ಎಂಬತ್ತು, ನೂರು, ನೂರಾ ಒಂಬತ್ತು: ಮೂರೂ ಏರುಕ್ರಮದಲ್ಲಿವೆ, ಏರ್ಪಾಡು ಭದ್ರ. ಅದೇ ಜಾಗದಲ್ಲಿ 16 ಸ್ಕ್ವೇರ್ ಕೇಬಲ್ ಇದ್ದರೆ ಆ ಕಾವಿನಲ್ಲಿ ಅದರ ತಾಳಿಕೆ 67. ಫ್ಯೂಸ್ ಹಾರದೆಯೇ ಕೇಬಲ್ ತನ್ನ ಮಿತಿ ಮೀರಿ ಕಾಯುತ್ತದೆ.

ನನ್ನ ವಾದದ ತಿರುಳು ಮುಂದಿನದು. ಸೋಲಾರ್ ಮನೆಯಲ್ಲಿ ಕರೆಂಟಿನ ಮೂಲ ಒಂದಲ್ಲ, ಅವುಗಳ ಸ್ವಭಾವವೂ ಒಂದಲ್ಲ. ಜೆಸ್ಕಾಂ ಲೈನಿನಲ್ಲಿ ಶಾರ್ಟ್ ಆದರೆ ನೂರಾರು ಆಂಪಿಯರ್ ನುಗ್ಗಿ ಎಂಸಿಬಿ, ಅಂದರೆ ಮನೆಯ ಬ್ರೇಕರ್, ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ನಮ್ಮ ವೈರ್‌ಮನ್‌ಗಳ ಅನುಭವವೆಲ್ಲ ಬೆಳೆದದ್ದು ಈ ಸ್ವಭಾವದ ಮೇಲೆ. ಪ್ಯಾನಲ್ ಹಾಗಲ್ಲ. ಕೆಲಸ ಮಾಡುವಾಗ 13 ಆಂಪಿಯರ್ ಕೊಡುವ ಪ್ಯಾನಲ್ ಪೂರ್ತಿ ಶಾರ್ಟ್ ಆದರೂ ಕೊಡುವುದು 14. ಸೀರೀಸ್ ಆಗಿ ಜೋಡಿಸಿದ ಅಂಥ ಪ್ಯಾನಲ್ಲುಗಳ ಸಾಲಿಗೆ 20 ಆಂಪಿಯರ್ ಬ್ರೇಕರ್ ಹಾಕಿದ್ದರೆ ಅದಕ್ಕೆ ಏನೋ ಕೆಟ್ಟಿದೆ ಎಂಬ ಸುಳಿವೇ ಸಿಗುವುದಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲಿರುವಷ್ಟು ಹೊತ್ತೂ ಕೆಟ್ಟ ತಂತಿಯಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ. ಆದ್ದರಿಂದ ಪ್ಯಾನಲ್ ಕಡೆಗೆ ಬ್ರೇಕರನ್ನು ನಂಬಿ ತಂತಿ ತೆಳ್ಳಗೆ ಹಾಕುವುದು ಮೂಲದಲ್ಲೇ ತಪ್ಪು. ಅಲ್ಲಿ ತಂತಿಯೇ ತನ್ನನ್ನು ತಾನು ಕಾದುಕೊಳ್ಳುವಷ್ಟು ದಪ್ಪ ಇರಬೇಕು. ಮೋಡದ ಅಂಚಿನಿಂದ ಬೆಳಕು ಪ್ರತಿಫಲಿಸಿದಾಗ ಪ್ಯಾನಲ್ ತನ್ನ ಚೀಟಿಯ ಅಂಕಿಗಿಂತ ಹೆಚ್ಚು ಕರೆಂಟು ಕೊಡುವುದುಂಟು. ಅದಕ್ಕಾಗಿ ಶಾರ್ಟ್ ಕರೆಂಟಿಗೆ ಕಾಲುಭಾಗ ಸೇರಿಸಿ, ಹದಿನಾಲ್ಕನ್ನು ಹದಿನೇಳೂವರೆ ಎಂದು ಹಿಡಿದು, ನಮ್ಮ ಮಾಳಿಗೆಯ ಕಾವಿನಲ್ಲೂ ಅಷ್ಟನ್ನು ತಡೆಯುವ ತಂತಿ ಆರಿಸಬೇಕು. ಹಾಗಾದರೆ ಪ್ಯಾನಲ್ ಕಡೆಗೆ ಫ್ಯೂಸ್ ಬೇಡವೇ? ಸಾಲು ಒಂದೋ ಎರಡೋ ಇದ್ದರೆ ಸಾಮಾನ್ಯವಾಗಿ ಬೇಡ, ಬಿಚ್ಚಿ ಕೆಲಸ ಮಾಡಲು ಡಿಸಿ ಐಸೊಲೇಟರ್ ಸ್ವಿಚ್ ಸಾಕು. ಮೂರು ಅಥವಾ ಹೆಚ್ಚು ಸಾಲುಗಳು ಪ್ಯಾರಲಲ್ ಆಗಿದ್ದರೆ ಬೇಕೇ ಬೇಕು. ಒಂದು ಸಾಲು ಕೆಟ್ಟಾಗ ಉಳಿದ ಸಾಲುಗಳ ಕರೆಂಟೆಲ್ಲ ಅದರೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಆಗ ಪ್ರತಿ ಸಾಲಿಗೂ ಒಂದು ಸೋಲಾರ್ ಫ್ಯೂಸ್ ಇರಬೇಕು. ಅದು ಶಾರ್ಟ್ ಕರೆಂಟಿನ ಒಂದೂವರೆ ಪಟ್ಟಿಗಿಂತ ಮೇಲೆ, ಪ್ಯಾನಲ್ಲಿನ ಬೆನ್ನ ಚೀಟಿಯಲ್ಲಿ ನಮೂದಾದ ಗರಿಷ್ಠ ಫ್ಯೂಸ್ ಅಂಕಿಯ ಒಳಗೆ ಕೂಡಬೇಕು. ನಮ್ಮ ಉದಾಹರಣೆಗೆ 25 ಆಂಪಿಯರ್ ಸರಿ.

ಬ್ಯಾಟರಿಯ ಸ್ವಭಾವ ಪ್ಯಾನಲ್ಲಿನದಕ್ಕೆ ತದ್ವಿರುದ್ಧ. 150 ಆಂಪಿಯರ್-ಅವರ್‌ನ ಒಂದು ಟ್ಯೂಬುಲರ್ ಬ್ಯಾಟರಿಯ ಎರಡು ಟರ್ಮಿನಲ್ಲಿಗೆ ಸ್ಪ್ಯಾನರ್ ಅಡ್ಡ ಬಿದ್ದರೆ ಸಾವಿರ ಆಂಪಿಯರ್ ಮೀರಿ ಹರಿಯಬಹುದು. ಅಷ್ಟು ಕರೆಂಟನ್ನು ತಡೆಯುವ ತಂತಿಯನ್ನು ಯಾವ ಮನೆಯಲ್ಲೂ ಹಾಕಲಾಗದು. ಇಲ್ಲಿ ಫ್ಯೂಸ್ ಒಂದೇ ದಿಕ್ಕು. ಅದೂ ಪ್ಲಸ್ ಟರ್ಮಿನಲ್ಲಿನಿಂದ ಒಂದೆರಡು ಗೇಣಿನೊಳಗೆ ಇರಬೇಕು. ಇನ್ವರ್ಟರ್ ಪಕ್ಕದಲ್ಲಿ ಫ್ಯೂಸ್ ಹಾಕಿ ಬ್ಯಾಟರಿಯನ್ನು ಮೂರು ಮೀಟರ್ ಆಚೆ ಇಟ್ಟರೆ ನಡುವಿನ ಮೂರು ಮೀಟರ್ ಕೇಬಲ್ಲಿಗೆ ಕಾವಲೇ ಇಲ್ಲ. ಪ್ಯಾನಲ್ ಕಡೆಗೆ ದಪ್ಪ ತಂತಿಯನ್ನು ನಂಬಬೇಕು, ಬ್ಯಾಟರಿ ಕಡೆಗೆ ಹತ್ತಿರದ ಫ್ಯೂಸನ್ನು ನಂಬಬೇಕು. ಒಂದೇ ಬಗೆಯ ತಂತಿ, ಒಂದೇ ಬಗೆಯ ಎಂಸಿಬಿ ತಂದು ಎರಡೂ ಕಡೆಗೆ ಹಾಕುವ ರೂಢಿ ಈ ಎರಡು ಸತ್ಯಗಳಿಗೂ ಕುರುಡಾಗಿದೆ.

ಎಂಸಿಬಿ ವಿಚಾರದಲ್ಲಿ ಇನ್ನೊಂದು ಅಪಾಯ ಇದೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿದು ಮತ್ತೆ ಏರುತ್ತದೆ. ಎಂಸಿಬಿ ಬಿಚ್ಚಿಕೊಂಡಾಗ ಒಳಗೆ ಹೊತ್ತುವ ಕಿಡಿ ಆ ಸೊನ್ನೆಯ ಗಳಿಗೆಯಲ್ಲಿ ತಾನಾಗಿ ನಂದುತ್ತದೆ. ಪ್ಯಾನಲ್, ಬ್ಯಾಟರಿ ಕೊಡುವ ಡಿಸಿ ಕರೆಂಟಿಗೆ ಆ ಸೊನ್ನೆಯೇ ಇಲ್ಲ. 250 ವೋಲ್ಟ್ ಡಿಸಿಯಲ್ಲಿ ಎಸಿ ಎಂಸಿಬಿ ಬಿಚ್ಚಿಕೊಂಡರೆ ಕಿಡಿ ನಂದದೆ ಉರಿಯುತ್ತಲೇ ಇದ್ದು ಎಂಸಿಬಿಯನ್ನೇ ಸುಡಬಹುದು. ಎಷ್ಟೋ ಕಡೆ ಎಸಿ ಎಂಸಿಬಿಯನ್ನೇ ಹಾಕಿದ್ದಾರೆ, ಏನೂ ಆಗಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಆನ್ ಆಗಿ ಕುಳಿತಿರುವಾಗ ಯಾವ ಎಂಸಿಬಿಯೂ ಚೆನ್ನಾಗಿಯೇ ಕಾಣುತ್ತದೆ. ಅದರ ಪರೀಕ್ಷೆ ನಡೆಯುವುದು ಶಾರ್ಟ್ ಆದ ಗಳಿಗೆಯಲ್ಲಿ, ಒಂದೇ ಸಲ. ಆ ಗಳಿಗೆ ಬಂದಿಲ್ಲ ಎಂಬುದು ಎಂಸಿಬಿ ಒಳ್ಳೆಯದು ಎಂಬುದಕ್ಕೆ ಸಾಕ್ಷಿಯಾಗದು. ಡಿಸಿ ಎಂದು ಬರೆದ, ನಮ್ಮ ಸಾಲಿನ ಒಟ್ಟು ವೋಲ್ಟಿಗಿಂತ ಹೆಚ್ಚಿನ ವೋಲ್ಟ್ ನಮೂದಾದ ಬ್ರೇಕರೇ ಬೇಕು. ಚಳಿಗಾಲದ ಬೆಳಗಿನಲ್ಲಿ ಪ್ಯಾನಲ್ಲಿನ ವೋಲ್ಟ್ ಸ್ವಲ್ಪ ಏರುತ್ತದೆ, ಅದಕ್ಕೂ ಜಾಗ ಬಿಡಬೇಕು. ಕೆಲವು ಡಿಸಿ ಬ್ರೇಕರುಗಳಲ್ಲಿ ಪ್ಲಸ್, ಮೈನಸ್ ಗುರುತಿರುತ್ತದೆ. ಅವನ್ನು ಅದಲುಬದಲು ಜೋಡಿಸಿದರೆ ಕಿಡಿ ನಂದಿಸುವ ಅವುಗಳ ಶಕ್ತಿಯೇ ಹೋಗುತ್ತದೆ. ಇದೇ ಕಾರಣಕ್ಕೆ ಬಿಸಿಲಿನಲ್ಲಿ ಪ್ಯಾನಲ್ ಕೆಲಸ ಮಾಡುತ್ತಿರುವಾಗ ಅದರ ತಂತಿಗಳನ್ನು ಕೂಡಿಸುವ ಎಂಸಿ4 ಕನೆಕ್ಟರನ್ನು ಕೈಯಿಂದ ಎಳೆದು ಬಿಚ್ಚಬಾರದು. ಊರಿನ ಕರೆಂಟು ಹೋಗಿ ಇನ್ವರ್ಟರ್ ನಿಂತಿದ್ದರೂ ಮಾಳಿಗೆಯಿಂದ ಇಳಿದ ತಂತಿಯಲ್ಲಿ ಹಗಲೆಲ್ಲ ಜೀವ ಇರುತ್ತದೆ.

ಬ್ರೇಕರ್ ಪದೇ ಪದೇ ಬೀಳುತ್ತದೆ, ಆದ್ದರಿಂದ ದೊಡ್ಡದು ಹಾಕಿಸಿದೆವು ಎಂಬ ಮಾತನ್ನು ಪಂಪ್‌ಸೆಟ್ ಇರುವ ಊರಲ್ಲೆಲ್ಲ ಕೇಳುತ್ತೇವೆ. ಫ್ಯೂಸ್ ಹೋದರೆ ಕೈಗೆ ಸಿಕ್ಕ ತಾಮ್ರದ ಎಳೆ ಸುತ್ತುವ ಹಳೆಯ ಚಾಳಿಯ ಮುಂದುವರಿಕೆ ಇದು. ನೀರು ಬಿಡುವ ಸರದಿ ಮುಗಿಯುವುದರೊಳಗೆ ಮೋಟಾರು ನಿಲ್ಲಬಾರದು ಎಂಬ ರೈತನ ಸಂಕಟ ನಿಜವಾದದ್ದು, ಅದನ್ನು ಹಗುರಾಗಿ ನೋಡಲು ನನಗೆ ಮನಸ್ಸಿಲ್ಲ. ಆದರೆ ಬ್ರೇಕರ್ ಬೀಳುವುದಕ್ಕೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ಲೋಡ್ ಹೆಚ್ಚಿದೆ, ಎಲ್ಲೋ ಜೋಡಣೆ ಸಡಿಲಿದೆ, ಇಲ್ಲವೇ ಬ್ರೇಕರಿನ ಪೆಟ್ಟಿಗೆ ಪಡುವಣ ಗೋಡೆಯ ಬಿಸಿಲಿಗೆ ಕಾಯುತ್ತಿದೆ. ಸಾಮಾನ್ಯ ಎಂಸಿಬಿಯನ್ನು 30 ಡಿಗ್ರಿಗೆ ಹೊಂದಿಸಿ ಮಾಡಿರುತ್ತಾರೆ, ಕಾದ ಪೆಟ್ಟಿಗೆಯಲ್ಲಿ ಅದು ಬೇಗ ಬೀಳುವುದು ಸಹಜ. ಪೆಟ್ಟಿಗೆಯನ್ನು ನೆರಳಿಗೆ ಸರಿಸಿದರೆ ಸಾಕಾಗುವ ಕಡೆ 32 ತೆಗೆದು 63 ಹಾಕಿದರೆ, ಅಲ್ಲಿಂದ ಮುಂದೆ ತಂತಿಯೇ ಫ್ಯೂಸ್. 32 ಆಂಪಿಯರಿನ ಎಂಸಿಬಿ ಕೂಡ 32 ದಾಟಿದ ಕೂಡಲೇ ಬೀಳುವುದಿಲ್ಲ. ಮಾನದಂಡದ ಪ್ರಕಾರ 1.45 ಪಟ್ಟು, ಅಂದರೆ 46 ಆಂಪಿಯರ್ ಹರಿದರೂ ಬೀಳಲು ಒಂದು ಗಂಟೆಯವರೆಗೆ ಸಮಯ ತೆಗೆದುಕೊಳ್ಳಬಹುದು. ಇಷ್ಟು ಸಡಿಲು ಮೊದಲೇ ಇರುವಾಗ ನಾವು ಇನ್ನೂ ಸಡಿಲ ಬಿಡುವುದು ಬೇಡ.

ದಪ್ಪ ತಂತಿ ದುಬಾರಿ ಎಂಬ ಆಕ್ಷೇಪಕ್ಕೆ ಅರ್ಧ ಉತ್ತರ ಆಗಲೇ ಕೊಟ್ಟಿದ್ದೇನೆ. ವೋಲ್ಟ್ ಏರಿಸಿದರೆ, ದೂರ ಕಡಿಮೆ ಮಾಡಿದರೆ ದಪ್ಪ ತಂತಿಯ ಅಗತ್ಯವೇ ತಗ್ಗುತ್ತದೆ. ಬ್ಯಾಟರಿಯನ್ನು ಇನ್ವರ್ಟರ್ ಪಕ್ಕಕ್ಕೆ ತರುವುದಕ್ಕೆ ಖರ್ಚಿಲ್ಲ. ಉಳಿದರ್ಧ ಉತ್ತರ ಇದು: ಪ್ಯಾನಲ್ ಇಪ್ಪತ್ತೈದು ವರ್ಷ ಬಾಳುವ ಸಾಮಾನು. ತೆಳು ತಂತಿಯಿಂದ ಉಳಿಸಿದ ಹಣವನ್ನು ಅಷ್ಟೂ ವರ್ಷ ದಿನದಿನವೂ ಕಾವಿನ ರೂಪದಲ್ಲಿ ಕಟ್ಟಬೇಕಾಗುತ್ತದೆ. ಅಗ್ಗಕ್ಕೆ ಸಿಗುವ, ಮೇಲೆ ತಾಮ್ರ ಬಳಿದ ಅಲ್ಯೂಮಿನಿಯಂ ತಂತಿಯ ಬಗ್ಗೆ ಎಚ್ಚರ ಬೇಕು. ಅಲ್ಯೂಮಿನಿಯಂ ರೋಧ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು. ತಾಮ್ರದ ಲೆಕ್ಕ ಹಿಡಿದು ಅದನ್ನು ಎಳೆದರೆ ಮೇಲೆ ಹೇಳಿದ ಎಲ್ಲ ಅಂಕಿಗಳೂ ಸುಳ್ಳಾಗುತ್ತವೆ.

ತಂತಿ ಸರಿಯಾದದ್ದೇ ಆದರೂ ಅದರ ತುದಿ ಸಡಿಲಿದ್ದರೆ ಬೆಂಕಿ ಅಲ್ಲಿಂದ ಶುರುವಾಗುತ್ತದೆ. ತುದಿಗೆ ತಕ್ಕ ಅಳತೆಯ ತಿಂಬಲ್ ಹಾಕಿ, ಸುತ್ತಿಗೆಯಿಂದ ಕುಟ್ಟದೆ, ಕ್ರಿಂಪಿಂಗ್ ಇಕ್ಕಳದಿಂದ ಒತ್ತಿಸಬೇಕು. ಅರ್ಥಿಂಗ್ ವಿಚಾರ ಇನ್ನೊಂದು ಭಾಷಣದಷ್ಟು ದೊಡ್ಡದು. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಆಗ ಅರ್ಥಿಂಗ್ ಗುಂಡಿಯ ಹಿಡಿತ ತಪ್ಪುತ್ತದೆ. ಮುಂಗಾರಿಗೆ ಮುಂಚಿನ ಸಿಡಿಲು ಬರುವುದೂ ಅದೇ ಹೊತ್ತಿನಲ್ಲಿ. ಗುಂಡಿಗೆ ನೀರು ಹಾಕುವುದನ್ನು ಏಪ್ರಿಲ್, ಮೇ ತಿಂಗಳಲ್ಲಿ ಮರೆಯಬಾರದು ಎಂದಷ್ಟೇ ಈಗ ಹೇಳುತ್ತೇನೆ.

ಇಷ್ಟೆಲ್ಲ ಲೆಕ್ಕ ಮನೆಯ ಯಜಮಾನ ಹಾಕಬೇಕೇ, ಅದು ಪರವಾನಗಿ ಪಡೆದ ಗುತ್ತಿಗೆದಾರರ ಕೆಲಸವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಲೆಕ್ಕ ಹಾಕುವುದು ಅವರ ಕೆಲಸ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳೂ ಇವೆ. ಆದರೆ ಲೆಕ್ಕ ಹಾಕಿದ್ದಾರೆಯೇ ಎಂದು ಕೇಳುವುದು ಹಣ ಕೊಡುವವರ ಕೆಲಸ. ಸೋಲಾರ್ ಹಾಕಿಸುವ ಪ್ರತಿಯೊಬ್ಬರೂ, ಮುಕ್ಕುಂದದ ಸಣ್ಣ ಮನೆಯವರಿಂದ ಸಿಂಧನೂರಿನ ಅಕ್ಕಿ ಗಿರಣಿಯವರವರೆಗೆ, ಒಂದು ಹಾಳೆಯನ್ನು ಬರೆಸಿಕೊಳ್ಳಿ. ಪ್ಯಾನಲ್ಲಿನಿಂದ ಇನ್ವರ್ಟರಿಗೆ, ಬ್ಯಾಟರಿಯಿಂದ ಇನ್ವರ್ಟರಿಗೆ, ಇನ್ವರ್ಟರಿನಿಂದ ಮನೆಗೆ ಹೋಗುವ ಪ್ರತಿ ತಂತಿಯ ಎದುರು ಅದರಲ್ಲಿ ಹರಿಯುವ ಗರಿಷ್ಠ ಆಂಪಿಯರ್, ಬ್ರೇಕರ್ ಅಥವಾ ಫ್ಯೂಸಿನ ಅಂಕಿ, ತಂತಿ ಮಲಗಿರುವ ಜಾಗದ ಕಾವಿನಲ್ಲಿ ಅದರ ತಾಳಿಕೆ ಹಾಳೆಯಲ್ಲಿ ಇರಲಿ. ಆ ಹಾಳೆಯನ್ನು ಪೆಟ್ಟಿಗೆಯ ಬಾಗಿಲ ಒಳಗಡೆ ಅಂಟಿಸಿ, ಮುಂದೆ ರಿಪೇರಿಗೆ ಬರುವ ವೈರ್‌ಮನ್‌ಗೂ ಅದು ಬೇಕಾಗುತ್ತದೆ. ಹಾಳೆ ಕೈಗೆ ಬರುವವರೆಗೆ ಕೊನೆಯ ಕಂತಿನ ಹಣ ಕೊಡಬೇಡಿ.